ಶಿಬಿಯ ವಂಶಸ್ಥರು

ತನ್ನ ಮರೆಹೊಕ್ಕ ಪಾರಿವಾಳವನ್ನು ಉಳಿಸುವುದಕ್ಕಾಗಿ, ಬೆನ್ನಟ್ಟಿ ಬಂದ ಗಿಡುಗಕ್ಕೆ ತನ್ನ ತೊಡೆಯ ಮಾಂಸವನ್ನೇ ತೂಗಿಕೊಟ್ಟ ಶಿಬಿ ಚಕ್ರವರ್ತಿಯ ಕಥೆಯನ್ನು ಕೇಳಿ ಬೆಳೆದ ಈ ನಾಡಿನಲ್ಲಿ ಅವನ ವಂಶವು ನಿರ್ನಾಮವಾಗಿರಲಾರದೆಂಬ ನನ್ನ ನಂಬಿಕೆಗೆ ನಂಜನಗೂಡಿನಲ್ಲಿ ಪ್ರತ್ಯಕ್ಷ ಪ್ರಮಾಣವು ದೊರೆಯಿತು. ಭೇದವಿಷ್ಟೆ: ಆ ಮಹಾರಾಜನು ಕೊಟ್ಟದ್ದು ಸ್ವಂತ ತೊಡೆಯನ್ನು, ಅವನ ಇಂದಿನ ವಂಶಸ್ಥರು ಕೊಡುವುದು ಬಹುಮಟ್ಟಿಗೆ ನೆರೆಹೊರೆಯವರ ಕಾರು, ಟವೆಲು, ರಟ್ಟಿನ ಪೆಟ್ಟಿಗೆ ಮತ್ತು ಭಾನುವಾರಗಳನ್ನು.

ಗಾಯಗೊಂಡ ಹಕ್ಕಿಗಳನ್ನು ಉಳಿಸುವ ಈ ಮಹನೀಯರು ಈಗ ಎಲ್ಲ ಊರುಗಳಲ್ಲಿಯೂ ಇದ್ದಾರೆ, ಗುರುತಿಸುವುದು ಕಷ್ಟವಲ್ಲ. ಮಾತನಾಡುವಾಗ ಅವರ ದೃಷ್ಟಿ ನಿಮ್ಮ ಮುಖದ ಮೇಲಿರದೆ ನಿಮ್ಮ ತಲೆಯ ಮೇಲಿನ ವಿದ್ಯುತ್ ತಂತಿಯ ಮೇಲಿರುತ್ತದೆ. ಮುಂಗೈಯ ಗೀರುಗಳನ್ನು ಒಂದೊಂದಾಗಿ ತೋರಿಸಿ, ಇದು ಗೂಬೆಯದು, ಇದು ಗಿಡುಗನದು, ಈ ಆಳವಾದದ್ದು ಗಿಳಿಯದು ಎಂದು ವಿವರಿಸುವಾಗ ಅವರ ಕಣ್ಣಿನಲ್ಲಿ ಯುದ್ಧದಿಂದ ಮರಳಿದವರ ಹೊಳಪು ಮೂಡುತ್ತದೆ. ಮದುವೆಯ ಮನೆಯಲ್ಲಿ ಅವರ ಆಸಕ್ತಿ ಉಡುಗೊರೆಯಲ್ಲಲ್ಲ, ಅದನ್ನು ತುಂಬಿಟ್ಟು ತಂದ ಪೆಟ್ಟಿಗೆಯಲ್ಲಿ.

ನನ್ನ ಪಾಲಿಗೆ ಬಂದವರು ಟಿ. ನರಸೀಪುರದ ಸರ್ಕಾರಿ ರೇಷ್ಮೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾದ ಬಳಿಕ ನಮ್ಮ ಬೀದಿಯಲ್ಲಿ ನೆಲೆಸಿದವರು. ಹಾಗಾಗಿ ಹದಿನಾರು ಕೆರೆಯಿಂದ ತಿರುಮಕೂಡಲಿನ ಸಂಗಮದವರೆಗೆ ಎರಡು ತಾಲ್ಲೂಕುಗಳ ಆಕಾಶವೂ ಅವರ ಅಧಿಕಾರವ್ಯಾಪ್ತಿಗೆ ಸೇರಿದೆ. ಮಂಗೋಲಿಯದ ಕಡೆಯಿಂದ ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಹದಿನಾರು ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ಯೋಗಕ್ಷೇಮವನ್ನು ವಿಚಾರಿಸುವ ಅವರು, ಎದುರು ಮನೆಯಲ್ಲಿ ಜ್ವರದಿಂದ ಮಲಗಿದ್ದ ನನ್ನನ್ನು ವಿಚಾರಿಸಲು ಮರೆತದ್ದುಂಟು. ಈರುಳ್ಳಿಯನ್ನೂ ವರ್ಜಿಸಿದ ಕಟ್ಟಾ ಸಸ್ಯಾಹಾರಿಗಳು. ಆದರೆ ಮಾಂಸದಂಗಡಿಯ ಮುಂದೆ ಛತ್ರಿಯನ್ನು ಮುಖಕ್ಕೆ ಅಡ್ಡವಾಗಿ ಹಿಡಿದು ನಿಂತು, ‘ಹಕ್ಕಿಗೆ ಕಣಯ್ಯಾ, ಹಕ್ಕಿಗೆ’ ಎಂದು ಪಿಸುಗುಟ್ಟುವುದನ್ನು ಊರೆಲ್ಲ ನೋಡಿದೆ, ಮತ್ತು ಊರಿನಲ್ಲಿ ಯಾರೂ ನಂಬಿಲ್ಲ. ಕೇಳಿದರೆ, ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಶ್ರೀಕಂಠೇಶ್ವರನ ಕೃಪೆಯಿಂದ ಗುಣವಾಗಿ, ಸುಲ್ತಾನನು ಪಚ್ಚೆಯ ಲಿಂಗವನ್ನು ಅರ್ಪಿಸಿ ದೇವರನ್ನೇ ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಐತಿಹ್ಯವನ್ನು ಮುಂದಿಟ್ಟು, ಮೂಕಜೀವಿಗಳ ಚಿಕಿತ್ಸೆ ಈ ಕ್ಷೇತ್ರದ ಧರ್ಮವೆಂದು ಸಾಧಿಸುವರು. ದೇವರು ಆನೆಯನ್ನು ಗುಣಪಡಿಸಿದಾಗ ಪಕ್ಕದ ಮನೆಯವನ ವಾಹನವನ್ನು ಕೇಳಿರಲಿಲ್ಲವೆಂದು ನಾನು ಹೇಳಬಹುದಾಗಿತ್ತು, ಹೇಳಲಿಲ್ಲ.

ಏಕೆಂದರೆ ಆ ವೇಳೆಗೆ ವಾಹನವು ಹೋಗಿಯಾಗಿತ್ತು. ಅವರು ಕೆರೆಯಿಂದ ತಂದ ಹೆಜ್ಜಾರ್ಲೆಯೊಂದು ನನ್ನ ಕಾರಿನ ಹಿಂದಿನ ಆಸನದಲ್ಲಿ ವಿರಾಜಮಾನವಾಗಿ, ತಾನು ಬೆಳಿಗ್ಗೆಯಿಂದ ಸಂಗ್ರಹಿಸಿದ್ದ ಮೀನುಗಳನ್ನೆಲ್ಲ ಅಲ್ಲಿಯೇ ವಿಸರ್ಜಿಸಿದ್ದರಿಂದ, ಕಾರು ತೊಳೆಯುವವನ ವಶದಲ್ಲಿತ್ತು. ಆಷಾಢದ ಗಾಳಿ ಬೀಸುತ್ತಿದ್ದ ಕಾಲ. ಪ್ರಥಮ ಏಕಾದಶಿಯ ಸುತ್ತಮುತ್ತ ನಮ್ಮ ಕಡೆಯ ಹುಡುಗರೆಲ್ಲ ಗಾಳಿಪಟ ಹಿಡಿದು ಮಾಳಿಗೆಯ ಮೇಲಿರುವ ಕಾಲ. ಅಂಥ ಒಂದು ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು, ‘ಸ್ವಾಮಿ, ತಾವು ಮೈಸೂರಿಗೆ ಹೊರಟಿದ್ದೀರಂತೆ’ ಎಂದರು. ನಾನು ಹೊರಟಿರಲಿಲ್ಲ. ಆದರೆ ಅವರ ಬಾಯಿಂದ ‘ಅಂತೆ’ ಎಂಬುದು ಬಂದ ಮೇಲೆ ಹೊರಡದಿದ್ದವರನ್ನು ನಾನು ಕಂಡಿಲ್ಲ. ಮಾಂಜಾ ದಾರಕ್ಕೆ ರೆಕ್ಕೆಯನ್ನು ಕೊಯ್ದುಕೊಂಡು ತೆಂಗಿನ ಗರಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಹದ್ದೊಂದನ್ನು ಇಳಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. ಚಿಕಿತ್ಸೆಗೆಂದು ಮೈಸೂರಿಗೆ ತಾವೇ ಒಯ್ಯೋಣವೆಂದರೆ, ತಿರುಮಕೂಡಲಿನಲ್ಲಿ ನೀರುಕಾಗೆಯೊಂದು ಗಾಳದ ಕೊಕ್ಕೆಯನ್ನು ನುಂಗಿ ಕುಳಿತಿದೆಯೆಂದು ದೋಣಿಯವರು ಫೋನು ಮಾಡಿದ್ದಾರೆ.

ಹೀಗೆ ನಾನು ಕೆಂಪು ಬಸ್ಸಿನಲ್ಲಿ, ನಂಜನಗೂಡು ಹಲ್ಲುಪುಡಿಯ ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆನು. ಮುಚ್ಚಳ ತೆಗೆಯಕೂಡದು, ನೀರು ಹಾಕಕೂಡದು, ಸಮಾಧಾನದ ಮಾತನ್ನೂ ಆಡಕೂಡದು, ಏಕೆಂದರೆ ಮನುಷ್ಯನ ಸಮಾಧಾನದ ಮಾತು ಹಕ್ಕಿಯ ಕಿವಿಗೆ ಬೇಟೆಗಾರನ ಗದ್ದಲ. ಇವು ನನಗಾದ ಉಪದೇಶಗಳು. ಬಸ್ಸಿನಲ್ಲಿ ಸಿನಿಮಾ ಹಾಡು ಮೊಳಗುತ್ತಿತ್ತು. ನಿಲ್ಲಿಸಬೇಕೆಂದು ವಿನಂತಿಸಿದೆ. ‘ಯಾಕೆ ಸಾರ್, ತಲೆನೋವಾ?’ ಎಂದು ಚಾಲಕರು ಕೇಳುತ್ತಿರುವಾಗಲೇ ಗಾಳಿಗೆಂದು ಕೊರೆದಿದ್ದ ರಂಧ್ರದಿಂದ ಕಪ್ಪು ಉಗುರುಗಳುಳ್ಳ ಹಳದಿ ಕಾಲೊಂದು ಹೊರಬಂದು ನನ್ನ ಪಂಚೆಯನ್ನು ಹಿಡಿಯಿತು.

‘ಏನ್ ಸಾರ್ ಅದು, ಹಲ್ಲುಪುಡೀನಾ?’ ಎಂದರು ಕಂಡಕ್ಟರು.

ಬಸ್ಸಿನಲ್ಲಿ ಹಕ್ಕಿಗೂ ಟಿಕೆಟ್ಟುಂಟೆಂಬುದನ್ನು ಲೋಕವೆಲ್ಲ ಅರಿತದ್ದು 2024ರ ಮಾರ್ಚಿನಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಿಂದ ಪ್ರಯಾಣ ಉಚಿತವಾಗಿ, ಅವರ ಪಂಜರದಲ್ಲಿದ್ದ ನಾಲ್ಕು ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಬಿದ್ದಿತ್ತು. ಆ ವಾರ್ತೆಯನ್ನು ಓದಿ ಮನಸಾರೆ ನಕ್ಕವರಲ್ಲಿ ನಾನೂ ಒಬ್ಬನಾದ್ದರಿಂದ ಕೈಯನ್ನು ಜೇಬಿಗೆ ಹಾಕಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಆ ಕಾಲನ್ನು ಕಂಡು, ‘ಗರುಡಪ್ಪ ಕಣ್ರೋ!’ ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಗರುಡನೆಂದರೆ ಬಿಳಿಯ ಕೊರಳಿನ, ಕೆಂಗಂದು ಮೈಯ ಬೇರೆಯೇ ಹಕ್ಕಿ. ಪೆಟ್ಟಿಗೆಯಲ್ಲಿದ್ದದ್ದು ಕಸದ ಗುಂಡಿಯ ಮೇಲೆ ಸುತ್ತುವ ಸಾಮಾನ್ಯ ಕಪ್ಪು ಹದ್ದು. ಆದರೆ ವೈಕುಂಠದ ವಾಹನಕ್ಕೆ ಟಿಕೆಟ್ಟು ಕೊಡುವ ಧೈರ್ಯ ಕಂಡಕ್ಟರಿಗೆ ಬರಲಿಲ್ಲವಾಗಿ, ನಾನು ಪಕ್ಷಿಶಾಸ್ತ್ರವನ್ನು ನನ್ನಲ್ಲಿಯೇ ಉಳಿಸಿಕೊಂಡೆನು. ಹಾಡು ನಿಂತಿತು. ಮುದುಕಿ ಪೆಟ್ಟಿಗೆಯ ಮೇಲೊಂದು ನಾಣ್ಯವನ್ನಿಟ್ಟಳು. ಮೈಸೂರು ತಲುಪುವವರೆಗೆ ನಾನು ಒಬ್ಬ ಸಣ್ಣ ಅರ್ಚಕನ ಗೌರವವನ್ನು ಅನುಭವಿಸಿದೆನೆಂಬುದನ್ನೂ, ಅದು ನನಗೆ ಅಹಿತವಾಗಲಿಲ್ಲವೆಂಬುದನ್ನೂ ಬಚ್ಚಿಡಲಾರೆ.

ಆ ಬಳಿಕ ನನಗೂ ಅಲ್ಪಸ್ವಲ್ಪ ವಿದ್ಯೆ ಹತ್ತಿತು. ಅದೆಲ್ಲವೂ ಬೈಗುಳದ ರೂಪದಲ್ಲಿ ಬಂದದ್ದು. ಬಿದ್ದ ಹಕ್ಕಿಗೆ ಜನರು ಮೊದಲು ಮಾಡುವ ಉಪಕಾರವೆಂದರೆ ಕೊಕ್ಕನ್ನು ಬಿಡಿಸಿ ನೀರು ಹೊಯ್ಯುವುದು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ ಆ ನೀರು ನೇರವಾಗಿ ಉಸಿರಿನ ದಾರಿಯನ್ನು ಹಿಡಿಯುತ್ತದೆ. ಎರಡನೆಯ ಉಪಕಾರ ಹಾಲು. ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಕ್ಕಿಗಿಲ್ಲ. ಗೂಬೆಗೆ ಮೊಸರನ್ನ ತಿನ್ನಿಸಿದ ಮಹಾತಾಯಿಯೊಬ್ಬರಿಗೆ ನಮ್ಮವರು ಕೈಮುಗಿದು, ‘ತಾಯೀ, ಇನ್ನು ಮೇಲೆ ದಯವಿಟ್ಟು ಕ್ರೂರಿಯಾಗಿರಿ’ ಎಂದರಂತೆ. ಅವರು ಹೇಳುವುದು ಇಷ್ಟೇ: ಕತ್ತಲೆ, ಬೆಚ್ಚಗಿನ ಪೆಟ್ಟಿಗೆ, ಮೌನ, ಆಮೇಲೆ ಆದಷ್ಟು ಬೇಗ ಬಲ್ಲವರ ಕೈ. ಮನೆಯಲ್ಲಿ ಸಾಕಿಕೊಳ್ಳುವುದಕ್ಕಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಅಡ್ಡ ಬರುತ್ತದೆ.

ಇನ್ನು ಹಾರುವುದನ್ನು ಕಲಿಯುತ್ತ ನೆಲದಲ್ಲಿ ಕುಪ್ಪಳಿಸುವ ಮರಿಗಳನ್ನು ಅನಾಥವೆಂದು ಹೊತ್ತು ತರುವ ಕರುಣಾಳುಗಳನ್ನು ಕಂಡರೆ ಅವರಿಗೆ ಆಗದು. ತಾಯಿ ಅಲ್ಲಿಯೇ ಕೊಂಬೆಯ ಮೇಲಿರುತ್ತದೆ, ಮನುಷ್ಯನ ಕೈವಾಸನೆ ತಾಗಿದರೆ ಮರಿಯನ್ನು ತೊರೆಯುತ್ತದೆಂಬುದು ಬರಿಯ ಕಟ್ಟುಮಾತು, ಎತ್ತಿದಲ್ಲಿಗೇ ಮರಳಿಸಿದರಾಯಿತು. ಈ ವಿವೇಕಕ್ಕೆ ಅವರು ಪ್ರಮಾಣವಾಗಿ ಹೇಳುವ ಕ್ಷೇತ್ರ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹುಣಿಸೆ, ಆಲದ ಮರಗಳಲ್ಲಿ ಗೂಡುಕಟ್ಟಲು ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಜನರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುತ್ತಾರೆ. ಎತ್ತರದ ಗೂಡಿನಿಂದ ಬಿದ್ದ ಮರಿಗಳನ್ನು ಮತ್ತೆ ಏರಿಸುವಂತಿಲ್ಲವಾಗಿ, ಮೈಸೂರಿನ ನಿಸರ್ಗಾಸಕ್ತರೂ ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ವೂ ಕೂಡಿ ಬೇಲಿ ಹಾಕಿದ ಆವರಣದಲ್ಲಿ ಮೀನು ಕೊಟ್ಟು ಬೆಳೆಸಿ, ರೆಕ್ಕೆ ಬಲಿತ ಮೇಲೆ ಹಾರಬಿಟ್ಟರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಾಗೆ ಊರಿಗೆ ಊರೇ ಹೊಣೆ ಹೊತ್ತಿದ್ದರೆ ನನ್ನಂಥವನ ಕಾರು ಬೇಕಾಗುತ್ತಿರಲಿಲ್ಲವೆಂಬುದು ಅವರ ವಾದ. ಈ ಒಂದು ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ಅವರಲ್ಲೊಂದು ದಪ್ಪ ರಟ್ಟಿನ ಲೆಕ್ಕದ ಪುಸ್ತಕವಿದೆ. ಗುಮಾಸ್ತರ ಅಕ್ಷರ, ಆವಕ, ಜಾವಕ ಎಂದು ಎರಡು ಅಂಕಣಗಳು, ಮೂರನೆಯದು ‘ಹಾರಿದ್ದು’. ಮೂರನೆಯ ಅಂಕಣದಲ್ಲಿ ಬರಹ ವಿರಳ. ತಂದವುಗಳಲ್ಲಿ ಬಹಳಷ್ಟು ಸಾಯುತ್ತವೆ. ಕೆಲವು ಪೆಟ್ಟಿಗೆಯಲ್ಲಿ, ಗಾಯಕ್ಕಿಂತ ಹೆಚ್ಚಾಗಿ ಭಯದಿಂದ. ಇಷ್ಟು ನಷ್ಟದ ವ್ಯಾಪಾರವನ್ನು ಏಕೆ ಮಾಡುತ್ತೀರೆಂದು, ಕಾರು ತೊಳೆಸಿದ ಬಾಬಿನ ಸಿಟ್ಟು ಇನ್ನೂ ಆರದಿದ್ದ ದಿನ, ಸ್ವಲ್ಪ ಒರಟಾಗಿಯೇ ಕೇಳಿದೆನು. ಅವರು ಪುಸ್ತಕವನ್ನು ಮುಚ್ಚಿ, ‘ರೇಷ್ಮೆಗೂಡನ್ನ ಬಿಸಿನೀರಿಗೆ ಹಾಕಿ ನೂಲು ಬಿಚ್ಚೋದು ಸ್ವಾಮಿ. ಒಳಗಿನ ಹುಳ ಚಿಟ್ಟೆಯಾಗಿ ಹೊರಗೆ ಬಂದರೆ ಎಳೆ ಹರಿದುಹೋಗುತ್ತೆ, ಅದಕ್ಕೆ ಮೊದಲೇ ಸಾಯಿಸಬೇಕು. ರೆಕ್ಕೆ ಬರೋ ಮುಂಚೆ ಹೋದವುಗಳ ತೂಕ ಬರೆದೇ ನಾನು ಸಂಬಳ ತಗೊಂಡದ್ದು’ ಎಂದರು. ಎಂದವರೇ, ನಮ್ಮ ಮನೆಯಲ್ಲಿ ಹೊಸ ಮಿಕ್ಸಿ ಬಂದಿದೆಯಂತೆ, ಅದರ ಪೆಟ್ಟಿಗೆಯನ್ನು ಎಸೆಯಬಾರದೆಂದು ತಾಕೀತು ಮಾಡಿದರು.

ಆ ಹದ್ದು ಬದುಕಿತು. ಬಿಡುವ ದಿನ ನನ್ನನ್ನೂ ಕರೆದೊಯ್ದರು. ಪೆಟ್ಟಿಗೆಯಿಂದ ಹೊರಬಂದ ಅದು ನಮ್ಮಿಬ್ಬರಲ್ಲಿ ಯಾರನ್ನೂ ತಿರುಗಿ ನೋಡದೆ ಕಪಿಲೆಯ ಆಚೆಗೆ ಹೋಯಿತು. ಕೃತಜ್ಞತೆಯಿಲ್ಲವೆಂದು ನನಗೆ ಕೊಂಚ ಬೇಸರವಾದದ್ದು ನಿಜ; ಅವರು ಮಾತ್ರ ‘ಹಾಗೇ ಹೋಗಬೇಕು’ ಎಂದು ಜೇಬಿನಿಂದ ಪೆನ್ನನ್ನು ತೆಗೆದರು.

ಗಾಜಿನ ಪುಡಿ ಬಳಿದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿಯೇ ದೇಶದಾದ್ಯಂತ ನಿಷೇಧಿಸಿದೆ. ಆಷಾಢ ಬಂದೊಡನೆ ಅದು ಹೇಗೋ ಅಂಗಡಿಗೆ ಬರುತ್ತದೆ. ಮಕ್ಕಳಿಗೆ ಗಾಳಿಪಟವನ್ನು ಕೊಡಿಸುವ ತಂದೆತಾಯಂದಿರು ಸಾದಾ ಹತ್ತಿಯ ದಾರವನ್ನೇ ಕೊಡಿಸಬೇಕೆಂದೂ, ಹಾರಿಸಿ ಮುಗಿದ ಮೇಲೆ ಮರದಲ್ಲಿ ಸಿಕ್ಕಿಕೊಂಡ ದಾರವನ್ನು ಕೈಗೆಟಕುವಷ್ಟಾದರೂ ಬಿಡಿಸಿ ತರಬೇಕೆಂದೂ ಕೇಳಿಕೊಳ್ಳುತ್ತೇನೆ.