ಆಕಾಶಕ್ಕೆ ಅರ್ಧ ಪರದೆ ಹಾಕುವವರು

ಗ್ರ್ಯಾಜುಯೇಟೆಡ್ ಎನ್‌ಡಿ ಫಿಲ್ಟರ್ ಅಂದರೆ ಮೇಲಿನರ್ಧ ಕಪ್ಪುಬೂದಿ ಬಣ್ಣದ, ಕೆಳಗಿನರ್ಧ ತಿಳಿಯಾದ ಒಂದು ಚಪ್ಪಟೆ ಗಾಜು. ಲೆನ್ಸಿನ ಮುಂದೆ ಇದನ್ನು ಇಟ್ಟರೆ ಆಕಾಶದ ಬೆಳಕು ತಗ್ಗುತ್ತದೆ, ನೆಲದ ಬೆಳಕು ಇದ್ದ ಹಾಗೆಯೇ ಇರುತ್ತದೆ. ಬಣ್ಣ ಬದಲಾಗುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಇದನ್ನು ತರಿಸುವ, ಒರೆಸುವ, ಹೊತ್ತು ತಿರುಗುವ, ಕೇಳದವರಿಗೂ ಇದರ ಬಗ್ಗೆ ಹೇಳುವ ಮನುಷ್ಯ ಕೊಪ್ಪಳ ಜಿಲ್ಲೆಯ ಎಲ್ಲ ತಾಲೂಕುಗಳಲ್ಲೂ ಸಿಗುತ್ತಾನೆ. ಗಂಗಾವತಿಯಲ್ಲಿ ಗುಡ್ಡ ಹತ್ತಿರವಿರುವುದರಿಂದ ಸಂಖ್ಯೆ ಹೆಚ್ಚು. ಕುಷ್ಟಗಿ, ಯಲಬುರ್ಗಾಗಳಲ್ಲಿ ಗುಡ್ಡ ದೂರವಿರುವುದರಿಂದ ಹಂಬಲ ಹೆಚ್ಚು.

ಈತ ಹೈಸ್ಕೂಲಿನ ಗಣಿತದ ಮಾಸ್ತರನಾಗಿರಬಹುದು, ಬ್ಯಾಂಕಿನ ಕ್ಯಾಶಿಯರ್ ಆಗಿರಬಹುದು, ಔಷಧಿ ಅಂಗಡಿಯ ಮಾಲೀಕನಾಗಿರಬಹುದು. ಫೋಟೋ ಸ್ಟುಡಿಯೋದವನು ಮಾತ್ರ ಆಗಿರುವುದಿಲ್ಲ. ಮದುವೆ, ಸೀಮಂತ, ಜವಳ ಎಂದು ಕ್ಯಾಮೆರಾದಿಂದ ಅನ್ನ ತಿನ್ನುವವನಿಗೆ ಆಕಾಶದ ಉಸಾಬರಿ ಬೇಕಿಲ್ಲ; ಅವನ ಕೆಲಸವೆಲ್ಲ ಶಾಮಿಯಾನದ ಕೆಳಗೆ. ಫಿಲ್ಟರಿನವನಿಗೆ ಮನುಷ್ಯರೆಂದರೆ ಅಷ್ಟಕ್ಕಷ್ಟೆ. ಸಂಬಂಧಿಕರ ಮದುವೆಯಲ್ಲಿ "ಕ್ಯಾಮೆರಾ ತಂದೀಯಲ್ಲೋ, ಒಂದ್ ಫೋಟೋ ಹೊಡಿ" ಎಂದರೆ, ಈ ಲೆನ್ಸ್ ಅದಕ್ಕಲ್ಲ ಎಂದು ಹೇಳಿ ಅತ್ತೆಯ ಮನೆಯವರ ಕಣ್ಣಿನಲ್ಲಿ ಕಾಯಂ ಆಗಿ ಕೆಳಗಿಳಿದಿರುತ್ತಾನೆ. ಇವನ ಪಾರ್ಸೆಲ್‌ಗಳು ಮನೆಯ ವಿಳಾಸಕ್ಕೆ ಬರುವುದಿಲ್ಲ, ಶಾಲೆಯ ಇಲ್ಲವೆ ಬ್ಯಾಂಕಿನ ವಿಳಾಸಕ್ಕೆ ಬರುತ್ತವೆ. ಸಿಪಾಯಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ ಎಂಬುದು ಇವನ ನಂಬಿಕೆ.

ಫಿಲ್ಟರ್ ಏಕೆ ಬೇಕಾಯಿತು ಎಂಬುದರ ಶಾಸ್ತ್ರ ಸರಳವಾಗಿದೆ. ಕಣ್ಣು ಆಕಾಶ ನೋಡುವಾಗ ಕುಗ್ಗುತ್ತದೆ, ನೆಲ ನೋಡುವಾಗ ಅರಳುತ್ತದೆ, ಎರಡನ್ನೂ ಸೇರಿಸಿ ಮನಸ್ಸಿಗೆ ಒಂದೇ ಚಿತ್ರ ಕೊಡುತ್ತದೆ. ಕ್ಯಾಮೆರಾಕ್ಕೆ ಒಂದು ಸಲಕ್ಕೆ ಒಂದೇ ಅಳತೆ. ಹೊತ್ತು ಮುಳುಗುವಾಗ ಆಕಾಶಕ್ಕೆ ಸೆಕೆಂಡಿನ 1/125 ಭಾಗ ಸಾಕು. ಅದೇ ಅಪರ್ಚರಿನಲ್ಲಿ, ಅಂದರೆ ಲೆನ್ಸಿನ ಕಂಡಿ ಅಷ್ಟೇ ತೆರೆದಿರುವಾಗ, ಎದುರಿಗಿನ ಬಂಡೆಗೆ 1/8 ಬೇಕು. ನಡುವೆ 1/60, 1/30, 1/15 ದಾಟಬೇಕು, ಅಂದರೆ ನಾಲ್ಕು ಸ್ಟಾಪ್ ಅಂತರ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು, ನಾಲ್ಕು ಎಂದರೆ ಹದಿನಾರರಲ್ಲಿ ಒಂದು ಪಾಲು. ಬಂಡೆಗೆ ಅಳತೆ ಕೊಟ್ಟರೆ ಆಕಾಶ ಸುಣ್ಣ ಬಳಿದಂತಾಗುತ್ತದೆ, ಆಕಾಶಕ್ಕೆ ಕೊಟ್ಟರೆ ಬಂಡೆ ಇದ್ದಿಲಾಗುತ್ತದೆ.

ಈ ತಕರಾರು ಹೊಸದಲ್ಲ. ತುಂಗಭದ್ರೆಯಾಚೆ ಹಂಪಿಯ ಅವಶೇಷಗಳನ್ನು 1856ರಲ್ಲಿ ಕಾಗದದ ನೆಗೆಟಿವ್ ಮೇಲೆ ಹಿಡಿದ ಅಲೆಕ್ಸಾಂಡರ್ ಗ್ರೀನ್‌ಲಾ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ಅತಿಯಾದ ಪ್ರೀತಿ. ಹಾಗಾಗಿ ಆ ಕಾಲದ ಬಹುಪಾಲು ಚಿತ್ರಗಳಲ್ಲಿ ಆಕಾಶವೆಂದರೆ ಬರೀ ಖಾಲಿ ಕಾಗದ. ಅದೇ ವರ್ಷಗಳಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದಕ್ಕಿಳಿಸಿ ಹೆಸರು ಮಾಡಿದ. ಮುಂದೆ ಬಣ್ಣದ ಸ್ಲೈಡ್ ಫಿಲ್ಮ್ ಬಂದಾಗ ಅದು ತಡೆಯುತ್ತಿದ್ದ ಅಂತರ ಸುಮಾರು ಐದು ಸ್ಟಾಪ್. ಅಮೆರಿಕದ ಪರ್ವತಾರೋಹಿ ಗ್ಯಾಲೆನ್ ರೋವೆಲ್ ತನಗೆ ಬೇಕಾದಂಥ ಅರ್ಧಗಪ್ಪಿನ ಫಿಲ್ಟರುಗಳನ್ನು ಸಿಂಗ್-ರೇ ಕಂಪನಿಯೊಂದಿಗೆ ಕೂಡಿ ರೂಪಿಸಿದ್ದು ಈ ಇಕ್ಕಟ್ಟಿನಿಂದಲೇ. ಇಂದಿನ ಡಿಜಿಟಲ್ ಕ್ಯಾಮೆರಾಗಳು ಅದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತವೆ. ಇದನ್ನು ಫಿಲ್ಟರಿನವನ ಎದುರಿಗೆ ಹೇಳಬಾರದು.

ಫಿಲ್ಟರುಗಳ ಮೇಲೆ 0.3, 0.6, 0.9 ಎಂದು ಅಂಕಿ ಇರುತ್ತದೆ. ಕ್ರಮವಾಗಿ ಒಂದು, ಎರಡು, ಮೂರು ಸ್ಟಾಪ್. ಎರಡರ ಲಾಗರಿದಮ್ 0.301 ಆಗಿರುವುದರಿಂದ ಹೀಗೆ. ಗಣಿತದ ಮಾಸ್ತರನಾದವನಿಗೆ ಇದು ಪರಮಾನಂದದ ಸಂಗತಿ: ಇಷ್ಟು ವರ್ಷ ಹತ್ತಾರು ಬ್ಯಾಚಿನ ಹುಡುಗರು "ಸರ, ಲಾಗ್ ಟೇಬಲ್ ಎಲ್ಲಿ ಉಪಯೋಗಕ್ಕ ಬರತೈತ್ರಿ?" ಎಂದು ಕೇಳಿದ್ದಕ್ಕೆ ಉತ್ತರ ಸಿಕ್ಕಿದೆ, ಅದೂ ಆಯತಾಕಾರದಲ್ಲಿ. ಕಪ್ಪು ತಟ್ಟನೆ ನಿಂತರೆ ಹಾರ್ಡ್, ನಿಧಾನವಾಗಿ ತಿಳಿಯಾದರೆ ಸಾಫ್ಟ್. ನಡುಗೆರೆಯಲ್ಲಿ ಗಾಢವಾಗಿ ಮೇಲೆ ಹೋದಂತೆ ತಿಳಿಯಾಗುವುದು ರಿವರ್ಸ್. ಸೂರ್ಯ ದಿಗಂತದ ಮೇಲೆಯೇ ಕುಳಿತಿರುವ ಗಳಿಗೆಗೆ ಅದು. ಅಂತರ ನಾಲ್ಕು ಸ್ಟಾಪ್ ಇದ್ದರೆ ಮೂರರ ಫಿಲ್ಟರ್ ಹಾಕಿ ಒಂದನ್ನು ಹಾಗೇ ಬಿಡಬೇಕು, ಏಕೆಂದರೆ ಆಕಾಶ ನೆಲಕ್ಕಿಂತ ತುಸು ಬೆಳ್ಳಗಿರುವುದೇ ಲೋಕರೂಢಿ. ಹೊಸಬ ಇದನ್ನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ತಂದ ಕಪ್ಪನ್ನು ಪೂರ್ತಿ ಬಳಸದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.

ಹೊಸಬನ ಮೊದಲ ಖರೀದಿ ಲೆನ್ಸಿಗೆ ತಿರುಪಿ ಕೂರಿಸುವ ದುಂಡನೆಯ ಅಗ್ಗದ ಫಿಲ್ಟರ್. ಅದರ ಗೆರೆ ಕಾಯಂ ಆಗಿ ನಡುಮಧ್ಯದಲ್ಲಿರುತ್ತದೆ. ಆ ಅವಧಿಯ ಅವನ ಫೋಟೋಗಳಲ್ಲೆಲ್ಲ ಭೂಮಿ-ಆಕಾಶ ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಸರಿ ಅರ್ಧ, ಮೋಡ ಮಾತ್ರ ಗುಲಾಬಿ. ಗುಲಾಬಿ ಯಾಕೆಂದು ಕೇಳಿದರೆ ಅವತ್ತು ಹಾಗೇ ಇತ್ತು ಎನ್ನುತ್ತಾನೆ. ಎರಡನೆಯ ಹಂತದಲ್ಲಿ ಹೋಲ್ಡರ್ ಬರುತ್ತದೆ, 100 ಮಿಲಿಮೀಟರ್ ಅಗಲ 150 ಉದ್ದದ ಗಾಜು ಬರುತ್ತದೆ; ಗೆರೆಯನ್ನು ಮೇಲೆ ಕೆಳಗೆ ಸರಿಸಬಹುದು, ಓರೆ ಮಾಡಬಹುದು. ಗಾಜು ಬಿದ್ದರೆ ಒಡೆಯುತ್ತದೆಂದು ಕೆಲವರು ರೆಸಿನ್ ತರಿಸುತ್ತಾರೆ. ಅದು ಒಡೆಯುವುದಿಲ್ಲ, ಗೀರು ಬೀಳುತ್ತದೆ. ಒರೆಸಿದಷ್ಟೂ ಜಿಲ್ಲೆಯ ಅಷ್ಟೂ ಧೂಳನ್ನು ಮೈಗೆ ಎಳೆದುಕೊಳ್ಳುತ್ತದೆ.

ಇವರೆಲ್ಲ ಸೇರುವ ಸ್ಥಳ ಆನೆಗೊಂದಿ ಬಳಿಯ ಅಂಜನಾದ್ರಿ. ಹನುಮಂತ ಹುಟ್ಟಿದ ಬೆಟ್ಟವೆಂದು ಭಕ್ತರು ಹತ್ತುವ 575 ಮೆಟ್ಟಿಲುಗಳನ್ನು ಈತ ಬೆನ್ನಿಗೆ ಬ್ಯಾಗು, ಹೆಗಲಿಗೆ ಟ್ರೈಪಾಡ್ ಹೊತ್ತು ಹತ್ತುತ್ತಾನೆ. ಮೇಲೆ ಸುಣ್ಣ ಬಳಿದ ಬೆಳ್ಳನೆಯ ಗುಡಿ, ಕೆಳಗೆ ತುಂಗಭದ್ರೆ, ಬತ್ತದ ಗದ್ದೆ, ತೆಂಗು, ಸುತ್ತ ಕಣ್ಣು ಹಾಯುವವರೆಗೂ ಒಂದರ ಮೇಲೊಂದು ಕೂತ ಬಂಡೆ. ಟ್ರೈಪಾಡ್ ಬಿಚ್ಚಿದ ಕೂಡಲೇ ಜನ ಸೇರುತ್ತಾರೆ, ಅವರಿಗಿಂತ ಮೊದಲು ಮಂಗಗಳು ಸೇರುತ್ತವೆ. ಫಿಲ್ಟರಿನ ಚೀಲ ಅವುಗಳ ಕಣ್ಣಿಗೆ ಶೇಂಗಾದ ಪೊಟ್ಟಣ. ಮೂಲೆಯಲ್ಲಿ ಹಲ್ಲಿನ ಗುರುತಿರುವ ರೆಸಿನ್ ತುಂಡು ಕಂಡರೆ ಅದರ ಯಜಮಾನ ಅಂಜನಾದ್ರಿ ಹತ್ತಿ ಬಂದವನೆಂದು ಧಾರಾಳವಾಗಿ ಹೇಳಬಹುದು.

ಈಗ ಅಸಲು ಕೆಲಸ. ಈತ ಕ್ಯಾಮೆರಾದ ಹಿಂದಿನ ಪರದೆಗೆ ಮೂಗು ತಾಗಿಸಿ, ಎರಡು ಬೆರಳಲ್ಲಿ ಗಾಜಿನ ಅಂಚು ಹಿಡಿದು, ನೂಲೆಳೆಯಷ್ಟು ಕೆಳಗೆ, ಅದರರ್ಧ ಮೇಲೆ, ಮತ್ತೆ ಕೆಳಗೆ ಸರಿಸುತ್ತಾನೆ. ಅಪರ್ಚರ್ ಕಿರಿದು ಮಾಡಿ ನೋಡುತ್ತಾನೆ. ಕಿರಿದಾದಾಗ ಗೆರೆ ಎದ್ದು ಕಾಣುತ್ತದೆ, ಹಿರಿದಾದಾಗ ಕರಗುತ್ತದೆ. ಉಸಿರು ಹಿಡಿದಿರುವುದರಿಂದ ಮುಖ ಕೆಂಪಾಗಿರುತ್ತದೆ. ಪಕ್ಕದಲ್ಲಿ ಮೊಮ್ಮಗನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದು ದಣಿದು ಕೂತ ಅಜ್ಜಿ ಬಹಳ ಹೊತ್ತು ನೋಡಿ ಕೇಳುತ್ತಾಳೆ:

"ಯಪ್ಪಾ, ಅದೇನ ಕರೀ ಗಾಜು? ಇವತ್ತ ಗ್ರಹಣ ಐತೇನ?"

"ಗ್ರಹಣಲ್ಲ ಯವ್ವಾ. ಮುಗಿಲು ಬಾಳ ಬೆಳ್ಳಗೈತಿ, ಅದಕ ಅಡ್ಡ ಹಿಡಿಯಾಕತ್ತೀನಿ."

"ಮುಗಿಲ ಬೆಳ್ಳಗಿದ್ರ ನಿಂದೇನ ಹೋತು?"

ಇದಕ್ಕೆ ಫೋಟೋಗ್ರಫಿಯ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ.

ಮುಳುಗದಿದ್ದರೂ ಚಿತ್ರ ಕೆಡುತ್ತಿತ್ತು. ಫಿಲ್ಟರಿನ ಗೆರೆ ನೆಟ್ಟಗಿರುತ್ತದೆ, ಆನೆಗೊಂದಿಯ ದಿಗಂತ ನೆಟ್ಟಗಿಲ್ಲ. ಗೆರೆಯನ್ನು ಹೊಳೆಯ ಮಟ್ಟಕ್ಕೆ ಇಳಿಸಿದರೆ ಎದುರಿನ ಗುಡ್ಡಗಳ ತಲೆಯೆಲ್ಲ ಬೆಂಕಿ ಬಿದ್ದು ಆರಿದಂತೆ ಕರ್ರಗಾಗುತ್ತದೆ. ಗುಡ್ಡದ ನೆತ್ತಿಗೆ ಏರಿಸಿದರೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಒಂದು ತುಂಡು ಆಕಾಶ ಕಾಯಿಸಿಟ್ಟ ತಗಡಿನಂತೆ ಉರಿಯುತ್ತದೆ. ಮೋರ್ಯರ ಗುಡ್ಡವೆಂದು ಜನ ಕರೆಯುವ ಹಿರೇಬೆಣಕಲ್ಲಿನಲ್ಲೂ ಇದೇ ಗತಿ. ಕಬ್ಬಿಣಯುಗದವರು ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಚಪ್ಪಡಿಯ ಮನೆಗಳು ಅಲ್ಲಿ ಆಕಾಶಕ್ಕೆ ಅಂಟಿಕೊಂಡೇ ನಿಂತಿವೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಷ್ಟು ಕಷ್ಟಪಟ್ಟು ಮೇಲೇರಿಸಿದ ಚಪ್ಪಡಿ ಈತನ ಚಿತ್ರದಲ್ಲಿ ಮೇಲರ್ಧ ಕತ್ತಲು, ಕೆಳಗರ್ಧ ಹಗಲು. ಇಂಥಲ್ಲಿ ಸಾಫ್ಟ್ ಫಿಲ್ಟರ್ ತುಸು ಮಾನ ಉಳಿಸುತ್ತದೆ. ಆದರೆ ಈತನ ಬ್ಯಾಗಿನಲ್ಲಿ ಅವತ್ತು ಹಾರ್ಡ್ ಇರುತ್ತದೆ.

ಸೋತವನು ನೀರಿಗೆ ಇಳಿಯುತ್ತಾನೆ. ಸಾಣಾಪುರ ಕೆರೆ, ಇಲ್ಲವೆ ನಾಟಿಗೆ ನೀರು ನಿಲ್ಲಿಸಿದ ಗಂಗಾವತಿಯ ಗದ್ದೆ. ನೀರಿಗೆ ಒಂದು ಕಾಯಿದೆಯಿದೆ: ಅದರೊಳಗಿನ ಆಕಾಶ ಮೇಲಿನ ಆಕಾಶಕ್ಕಿಂತ ಯಾವತ್ತೂ ಮಂಕು, ಸಾಮಾನ್ಯವಾಗಿ ಒಂದು ಸ್ಟಾಪ್ ಅಥವಾ ಅದಕ್ಕೂ ಹೆಚ್ಚು. ಹಾಗಾಗಿ ಕೆರೆಯ ಚಿತ್ರಕ್ಕೆ 0.3 ಅಥವಾ 0.6 ಸಾಕೋ ಸಾಕು. ನಮ್ಮವನು 0.9 ಹಾಕುತ್ತಾನೆ. ಫಲವಾಗಿ ಮೋಡಕ್ಕಿಂತ ಮೋಡದ ನೆರಳೇ ಹೆಚ್ಚು ಹೊಳೆಯುತ್ತದೆ. ನೋಡಿದವರಿಗೆ ಏನೋ ತಪ್ಪಿದೆ ಅನ್ನಿಸುತ್ತದೆ, ಏನೆಂದು ಹೊಳೆಯುವುದಿಲ್ಲ. ಕೆಲವರು ಮೊಬೈಲನ್ನೇ ತಲೆಕೆಳಗು ಮಾಡಿ ನೋಡುತ್ತಾರೆ, ಆಗ ಸರಿ ಕಾಣುತ್ತದೆ. ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿರುವಾಗ ಈತ ಬದುವಿನ ಮೇಲೆ ನಿಂತು ಅವರು ಆಚೆ ಸರಿಯಲೆಂದು ಕಾಯುವುದನ್ನು ಕಂಡವರಿದ್ದಾರೆ. ಚಿತ್ರಕ್ಕೆ ಅಡ್ಡವಂತೆ.

ಇಟಗಿಯದು ಬೇರೆ ಕತೆ. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದ ಈ ಊರಿನ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಇದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಬಳಪದ ಕಲ್ಲಿನ ಗುಡಿ ಮೊದಲೇ ಮೈಗಪ್ಪು. ಅದರ ಶಿಖರದ ಮೇಲೆ ಈತ ಇನ್ನೂ ಮೂರು ಸ್ಟಾಪ್ ಕಪ್ಪು ಹೊದಿಸಿದರೆ ಚಕ್ರವರ್ತಿಗೆ ಕಿರೀಟವೇ ಇಲ್ಲದಂತಾಗುತ್ತದೆ. ಅದೃಷ್ಟಕ್ಕೆ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಬಾಗಿಲಲ್ಲಿ ಕಾವಲಿನವರು "ಸರ, ಸ್ಟ್ಯಾಂಡ್ ಒಳಗ ಬಿಡಂಗಿಲ್ರಿ" ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಶಿಲ್ಪಿಗಳ ಪರವಾಗಿ ಅವರು ಮಾಡುವ ಉಪಕಾರ ಇದು.

ಹಾಗಾದರೆ ಹಾರ್ಡ್ ಫಿಲ್ಟರ್ ಯಾವ ನೆಲಕ್ಕೆ ಹೇಳಿ ಮಾಡಿಸಿದ್ದು? ಯಲಬುರ್ಗಾ ಕಡೆಯ ಎರೆಹೊಲಕ್ಕೆ, ಕುಷ್ಟಗಿಯ ಬಯಲಿಗೆ. ಹಿಂಗಾರಿಯಲ್ಲಿ ಬಿಳಿಜೋಳ ಎದೆಮಟ್ಟ ನಿಂತಾಗ, ಕಡಲೆ ಹೂಬಿಟ್ಟಾಗ, ಅಲ್ಲಿನ ದಿಗಂತ ಸ್ಕೇಲು ಹಿಡಿದು ಎಳೆದಂತೆ ಈ ತುದಿಯಿಂದ ಆ ತುದಿಗೆ. ಗೆರೆಯ ಮೇಲೆ ಗೆರೆ ಕೂತು ಗಾಜು ಹಾಕಿದ್ದೇ ಗೊತ್ತಾಗುವುದಿಲ್ಲ. ಕರಿಮಣ್ಣು ಬೆಳಕನ್ನು ನುಂಗುವುದರಿಂದ ಮೂರು ಸ್ಟಾಪಿನ ಕಪ್ಪು ಪೂರ್ತಿ ಕೆಲಸಕ್ಕೆ ಬರುತ್ತದೆ. ಅಡ್ಡ ಬರುವುದು ಅಲ್ಲಲ್ಲಿ ಎದ್ದಿರುವ ಗಾಳಿಯಂತ್ರಗಳು ಮಾತ್ರ. ರೆಕ್ಕೆ ಕೆಳಗೆ ಬಂದಾಗ ಬಿಳಿ, ಮೇಲೆ ಹೋದಾಗ ಬೂದಿ. ಇಂಥದೇ ಇನ್ನೊಂದು ಜಾಗ ಮುನಿರಾಬಾದಿನ ಮೇಲಿನ ಹಿನ್ನೀರು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ಜಿಲ್ಲೆಗೆ ನೀರಷ್ಟೇ ಸಿಗಲಿಲ್ಲ, ಒಂದು ನೇರ ದಿಗಂತವೂ ಸಿಕ್ಕಿತು. ರಿವರ್ಸ್ ಫಿಲ್ಟರ್ ಕೊಂಡವನ ದುಡ್ಡು ಹುಟ್ಟುವುದು ಈ ದಡದಲ್ಲೇ.

ಆದರೆ ಯಲಬುರ್ಗಾದವನು ಎರೆಹೊಲದ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ. ಭಾನುವಾರ ಕೋಳಿ ಕೂಗುವ ಮೊದಲೇ ಬೈಕ್ ಹತ್ತಿ, ತನ್ನದೇ ಊರ ಹೊಲಗಳನ್ನು ಕತ್ತಲಲ್ಲಿ ದಾಟಿ, ಆನೆಗೊಂದಿಗೆ ಹೋಗಿ ಓರೆ ಗುಡ್ಡಕ್ಕೆ ನೇರ ಗೆರೆ ಕೂರಿಸಲು ಹೆಣಗುತ್ತಾನೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೊಂದಿಗೆ ಹೊಲಕ್ಕೆ ಹೋದಾಗ ಸಜ್ಜೆರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾಹೋಳಿಗೆಯ ಬುಟ್ಟಿ ಜೊತೆಗಿರುತ್ತದೆ, ಕ್ಯಾಮೆರಾ ಬ್ಯಾಗು ಮನೆಯಲ್ಲಿರುತ್ತದೆ. ಅಲ್ಲೇನೈತಿ ತೆಗಿಯಾಕ, ಬರೇ ಹೊಲ, ಎಂಬುದು ಅವನ ಅಭಿಪ್ರಾಯ.

ಈ ಪಂಗಡಕ್ಕೆ ಮೂರು ವಿರೋಧಿಗಳಿದ್ದಾರೆ. ಮೊದಲನೆಯವನು ಆಕಾಶಕ್ಕೊಂದು ನೆಲಕ್ಕೊಂದು ಎಂದು ಎರಡು ಮೂರು ಫೋಟೋ ತೆಗೆದು ರಾತ್ರಿ ಕಂಪ್ಯೂಟರಿನಲ್ಲಿ ಕೂಡಿಸುವವನು, ಅಂದರೆ ಲ ಗ್ರೇಯ ಖಾಸಾ ವಾರಸುದಾರ. ಗುಡ್ಡದ ಅಂಕುಡೊಂಕನ್ನು ಅವನು ಇಲಿಯಿಂದ ಕೆರೆದು ಸರಿಮಾಡುತ್ತಾನೆ, ಗಾಳಿಗೆ ತೆಂಗಿನ ಗರಿ ಅಲುಗಿದ್ದರೆ ಅವನಿಗೂ ಕಷ್ಟ. ಎರಡನೆಯವನು ಕರಿ ರಟ್ಟಿನವನು: ಶಟರ್ ತೆರೆದಿರುವ ಒಂದೆರಡು ಸೆಕೆಂಡು ಲೆನ್ಸಿನ ಮೇಲರ್ಧಕ್ಕೆ ರಟ್ಟನ್ನು ಅಡ್ಡ ಹಿಡಿದು ಅಲ್ಲಾಡಿಸುತ್ತಾನೆ, ಖರ್ಚು ಶೂನ್ಯ, ಫಲ ಬಹುಮಟ್ಟಿಗೆ ಅದೇ. ಫಿಲ್ಟರಿನವನಿಗೆ ಇವನ ಮೇಲೆಯೇ ಹೆಚ್ಚು ಸಿಟ್ಟು. ಮೂರನೆಯವನು ಮೊಬೈಲಿನ ಹುಡುಗ. ಒಂದು ಸಲ ಒತ್ತುತ್ತಾನೆ, ಫೋನು ತಾನೇ ಹಲವು ಚಿತ್ರ ತೆಗೆದು ಬೆಸೆದು ಕೊಡುತ್ತದೆ, ಅವನು ಸ್ಟೇಟಸ್ಸಿಗೆ ಹಾಕಿ ಮೆಟ್ಟಿಲಿಳಿದು ಮಿರ್ಚಿ ತಿನ್ನುತ್ತಿರುವಾಗ ಮೇಲೆ ಫಿಲ್ಟರಿನವನು ಹೋಲ್ಡರಿನ ತಿರುಪು ಬಿಗಿಯುತ್ತಿರುತ್ತಾನೆ.

ಇಷ್ಟೆಲ್ಲ ಆದ ಮೇಲೆ ಒಂದು ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹೆಡ್‌ಮಾಸ್ತರರ ಬೀಳ್ಕೊಡುಗೆಯ ದಿನ ಎಲ್ಲರ ಎದುರಿಗೆ ಕೊಡಲಾಗುತ್ತದೆ. ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ಕೆಳಗೆ ಹಗಲಿನಂತೆ ಹೊಳೆಯುವ ಬಂಡೆಗಳನ್ನೂ ಮೇಲೆ ಕವಿದ ಕಪ್ಪನ್ನೂ ನೋಡಿ, "ಬಾಳ ಚಲೋ ಬಂದೈತಿ ಸರ. ಅವತ್ತ ಮಳಿ ಆತೇನ ಮತ್ತ?" ಎಂದು ಕೇಳುತ್ತಾರೆ.