ಐದು ದೊಡ್ಡದೋ ಒಂಬತ್ತು ದೊಡ್ಡದೋ

ನಮ್ಮ ಬೀದಿಯಲ್ಲಿ ಯಾರಾದರೂ ಕಾರು ತಗೊಳ್ಳುತ್ತಾರೆಂಬ ಸುದ್ದಿ ಹಬ್ಬಿದರೆ ಮೊದಲ ಪ್ರಶ್ನೆ ‘ಯಾವ ಕಾರು?’ ಎಂದಿರುತ್ತದೆ. ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: ‘ಲೋನಾ, ಕ್ಯಾಷಾ?’ ಕ್ಯಾಷ್ ಅಂದಿರೋ, ಎಲ್ಲಿಂದ ಬಂತಪ್ಪಾ ಇಷ್ಟು ದುಡ್ಡು ಎಂಬ ಅನುಮಾನ. ಲೋನ್ ಅಂದಿರೋ, ಅಯ್ಯೋ ಪಾಪ ಎಂಬ ಕನಿಕರ. ನನ್ನ ಪಾಲಿಗೆ ಬರುವುದು ಕನಿಕರವೇ ಎಂದು ನನ್ನ ಪಾಸ್‌ಬುಕ್ಕಿಗೆ ಮೊದಲೇ ಗೊತ್ತಿತ್ತು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಮೇಲಿನ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತಲ್ಲ, ಅಲ್ಲಿಗೆ ಮನೆಯಲ್ಲಿ ನನಗಿದ್ದ ಕೊನೆಯ ನೆಪವೂ ಹೋಯಿತು. ‘ಬೆಲೆ ಇಳಿಯಲಿ ತಡಿ’ ಎಂದು ದೂಡುತ್ತಾ ಬಂದಿದ್ದೆ. ಇವಳು ಪೇಪರನ್ನು ಕಾಫಿ ಲೋಟದ ಪಕ್ಕಕ್ಕಿಟ್ಟು, ‘ಇಳಿದಿದೆಯಂತೆ, ನೋಡಿ’ ಅಂದಳು. ಸಣ್ಣ ಕಾರು ಅಂದರೆ ಸರ್ಕಾರದ ಲೆಕ್ಕದಲ್ಲಿ ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟಬಾರದು. ನಮ್ಮ ಮನೆಯ ಲೆಕ್ಕದಲ್ಲಿ, ಅತ್ತೆ ಮಾವ ಹಿಂದೆ ಕೂತ ಮೇಲೂ ನಡುವೆ ಮಗಳು ಹಿಡಿಸಬೇಕು, ಗೇಟು ತಾಗಬಾರದು.

ಕೇಂದ್ರದವರು ಇಳಿಸಿದ್ದನ್ನು ಮತ್ತೆ ಏರಿಸುವುದಕ್ಕೆ ನಮ್ಮ ರಾಜ್ಯ ಇದ್ದೇ ಇದೆ. ಆರು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 14 ಪರ್ಸೆಂಟ್, ಆ ತೆರಿಗೆಯ ಮೇಲೊಂದು ಸೆಸ್ಸು. ಎಲ್ಲ ಸೇರಿ ತೊಂಬತ್ತು ಸಾವಿರ ದಾಟುತ್ತದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸು ಕಡ್ಡಾಯ. ಹೀಗೆ ಬೋರ್ಡಿನ ಮೇಲಿನ ಆರು ಲಕ್ಷ ರಸ್ತೆಗಿಳಿಯುವ ಹೊತ್ತಿಗೆ ಏಳನ್ನು ದಾಟಿರುತ್ತದೆ. ನನ್ನ ಹತ್ತಿರ ಇದ್ದದ್ದು ಎರಡು ಲಕ್ಷ ಚಿಲ್ಲರೆಯ ಒಂದು ಎಫ್‌ಡಿ. ಬಾಕಿ ಐದಕ್ಕೆ ದಾರಿ?

ದಾರಿ ತೋರಿಸುವವರಿಗೆ ಬರವೇ? ಮಾವ ಕರಾವಳಿಯ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತರಾದವರು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಕಟ್ಟಿಸಿಕೊಂಡದ್ದನ್ನು ತಮ್ಮದೇ ಮನೆತನದ ಚರಿತ್ರೆಯಂತೆ ಹೇಳುತ್ತಾರೆ. ‘ದಿನಾ ನೂರು ರೂಪಾಯಿ ಪಿಗ್ಮಿ ಕಟ್ಟಿ ಅಳಿಯಂದಿರೇ, ಕಾರು ಗೇಟಿಗೇ ಬರುತ್ತದೆ’ ಎಂದರು. ಲೆಕ್ಕ ಹಾಕಿದೆ. ಬಡ್ಡಿ ಬಿಟ್ಟರೆ ಐದು ಲಕ್ಷಕ್ಕೆ ಹದಿಮೂರು ವರ್ಷಕ್ಕೂ ಮೇಲೆ. ಅಷ್ಟರಲ್ಲಿ ಕಾರು ಬರುತ್ತದೋ ಇಲ್ಲವೋ, ನನ್ನ ಡ್ರೈವಿಂಗ್ ಲೈಸೆನ್ಸಂತೂ ಮುಗಿದಿರುತ್ತದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ಬೆಲೆ ಐವತ್ತು ಸಾವಿರದೊಳಗಿತ್ತು. ಮಾವ ಆಗಲೂ ಪಿಗ್ಮಿ ಕಟ್ಟುತ್ತಿದ್ದರು. ಕೊನೆಗೆ ಕೊಂಡದ್ದು ಸ್ಕೂಟರು.

ಎಫ್‌ಡಿ ಮುರಿಯುತ್ತೇನೆ ಎಂದಾಗಂತೂ ಅವರು ತಟ್ಟೆಯ ಮುಂದಿನಿಂದ ಎದ್ದೇ ಹೋದರು. ಏಳು ಪರ್ಸೆಂಟಿಗೆ ಬ್ಯಾಂಕಿಗೆ ನಾವು ಸಾಲ ಕೊಟ್ಟು, ಅದೇ ಬ್ಯಾಂಕಿನಿಂದ ಒಂಬತ್ತಕ್ಕೆ ಸಾಲ ತರುವುದು ಯಾವ ಜಾಣತನ, ಆ ಏಳರಲ್ಲೂ ಆದಾಯ ತೆರಿಗೆ ಬೇರೆ ಹೋಗುತ್ತದಲ್ಲ ಎಂದು ನಾನು ಕೈತೊಳೆಯುವ ಜಾಗದವರೆಗೂ ಹಿಂದೆ ಹೋಗಿ ಹೇಳಿದೆ. ‘ಲೆಕ್ಕ ಸರಿ. ಆದರೂ ಎಫ್‌ಡಿ ಎಫ್‌ಡಿಯೇ’ ಅಂದರು.

ಅತ್ತೆಯದು ಇನ್ನೊಂದು ಅರ್ಥಶಾಸ್ತ್ರ. ‘ಲಾಕರಿನಲ್ಲಿ ಬಳೆ ಸುಮ್ಮನೆ ಮಲಗಿವೆ, ಅಡ ಇಟ್ಟರಾಯಿತು.’ ಹೇಳಿದ್ದು ಅಮ್ಮ, ಇವಳು ಕಣ್ಣು ಕೆಕ್ಕರಿಸಿದ್ದು ನನ್ನ ಕಡೆ. ಚಿನ್ನದ ಸಾಲ ಬೇಗ ಸಿಗುತ್ತದೆ, ಸುಳ್ಳಲ್ಲ. ಆದರೆ ಸಾಮಾನ್ಯವಾಗಿ ಅದು ಒಂದು ವರ್ಷದ ಗಡುವಿನದು. ವರ್ಷ ತುಂಬಿದಾಗ ಅಸಲು, ಬಡ್ಡಿ ಎರಡನ್ನೂ ಒಟ್ಟಿಗೆ ಎಣಿಸಬೇಕು. ಒಂದು ವರ್ಷದಲ್ಲಿ ಐದು ಲಕ್ಷ ಕೂಡಿಸಬಲ್ಲವನು ಬಳೆಯ ತಂಟೆಗೇಕೆ ಹೋಗುತ್ತಾನೆ? ಎದುರುಮನೆಯ ಮೇಷ್ಟ್ರು ಚೀಟಿ ಪಕ್ಷ. ‘ಮೊದಲ ತಿಂಗಳೇ ಕೂಗಿ ಎತ್ತಿಬಿಡಿ ಸಾರ್’ ಎಂದರು. ಮೊದಲ ತಿಂಗಳೇ ಬೇಕೆನ್ನುವವರು ನಾಲ್ಕು ಜನ ಸೇರಿದರೆ ಕೂಗು ಏರುತ್ತದೆ. ಐದು ಲಕ್ಷದ ಚೀಟಿಯಲ್ಲಿ ಕೈಗೆ ಮೂರೂವರೆ ಬಂದರೂ ಬಂತೇ.

ಉಳಿದದ್ದು ಷೋರೂಮು. ಅಲ್ಲಿನ ಹುಡುಗ ಒಳ್ಳೆಯವನು. ಮೊದಲು ಜ್ಯೂಸು ಕೊಟ್ಟ, ಮಗಳ ಕೈಗೊಂದು ಬಲೂನು ಕೊಟ್ಟ, ಆಮೇಲೆ ಕ್ಯಾಲ್ಕುಲೇಟರ್ ತೆಗೆದ. ‘ತಿಂಗಳಿಗೆ ಎಷ್ಟಾದ್ರೆ ನಿಮಗೆ ಕಂಫರ್ಟೆಬಲ್ ಸರ್?’

ಓದುಗರೇ, ಇದಕ್ಕೆ ಮಾತ್ರ ಉತ್ತರ ಕೊಡಬೇಡಿ. ಎಂಟು ಸಾವಿರ ಎಂದಿರಾದರೆ ಎಂಟು ಸಾವಿರಕ್ಕೇ ಹೊಂದಿಸಿ ಕೊಡುತ್ತಾರೆ. ವರ್ಷ ಹಿಗ್ಗಿಸಿದರೆ ಆಯಿತಲ್ಲ! ಐದು ಲಕ್ಷಕ್ಕೆ ಒಂಬತ್ತು ಪರ್ಸೆಂಟಿನಂತೆ ಐದು ವರ್ಷದ ಕಂತು 10,379 ರೂಪಾಯಿ. ಏಳು ವರ್ಷಕ್ಕೆ 8,045. ತಿಂಗಳಿಗೆ ಎರಡು ಸಾವಿರಕ್ಕೂ ಮೇಲೆ ಉಳಿಯಿತೆಂದು ಹಿಗ್ಗುವವರು ಒಟ್ಟು ಬಡ್ಡಿಯನ್ನು ನೋಡಬೇಕು: ಅಲ್ಲಿ 1,22,000 ಚಿಲ್ಲರೆ, ಇಲ್ಲಿ 1,75,000 ಚಿಲ್ಲರೆ. ಈಗ ಮೂರನೇ ಕ್ಲಾಸಿನಲ್ಲಿರುವ ಮಗಳು ಎಸ್ಸೆಸ್ಸೆಲ್ಸಿ ಬರೆಯುವವರೆಗೂ ಕಂತು ಕಟ್ಟುತ್ತಿರಬೇಕು. ಅಷ್ಟರಲ್ಲಿ ಅವಳಿಗೆ ಆ ಕಾರಿನಲ್ಲಿ ಸ್ಕೂಲಿಗೆ ಇಳಿಯುವುದೇ ನಾಚಿಕೆಯಾಗಿರುತ್ತದೆ.

ನಾನು ಐದೇ ವರ್ಷ ಎಂದು ಪಟ್ಟು ಹಿಡಿದಾಗ ಹುಡುಗ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ‘ಬ್ಯಾಂಕ್‌ನೋರು ಒಂಬತ್ತು ಹೇಳಿರ್ತಾರೆ ಸರ್. ನಮ್ಮ ಫೈನಾನ್ಸಲ್ಲಿ ಐದೇ.’ ಹಾಳೆಯ ಮೇಲೆ 5 ಎಂದು ಬರೆದು ಅದರ ಸುತ್ತ ಪೆನ್ನಿನಿಂದ ಎರಡು ಸುತ್ತು ಗೆರೆ ಹಾಕಿದ. ಇವಳು ನನ್ನನ್ನು ನೋಡಿದಳು. ಐದು ಬಿಟ್ಟು ಒಂಬತ್ತಕ್ಕೆ ಹೋಗುವ ಗಂಡನನ್ನು ಯಾವ ಹೆಂಡತಿ ತಾನೇ ಒಪ್ಪುತ್ತಾಳೆ?

ಆಗ ಮಾವ, ಅದುವರೆಗೆ ಬಲೂನು ಹಿಡಿದು ಕೂತಿದ್ದವರು, ‘ಫ್ಲಾಟೋ, ರೆಡ್ಯೂಸಿಂಗೋ?’ ಎಂದರು. ಹುಡುಗ ಸಣ್ಣ ದನಿಯಲ್ಲಿ ‘ಫ್ಲಾಟು ಸರ್’ ಎಂದ. ‘ಹಾಗಾದರೆ ಹೆಚ್ಚೂಕಡಿಮೆ ದುಪ್ಪಟ್ಟು’ ಎಂದು ಮಾವ ಮತ್ತೆ ಬಲೂನಿನ ಕಡೆ ತಿರುಗಿದರು.

ಮನೆಗೆ ಬಂದು ಬಿಡಿಸಿ ನೋಡಿದೆ. ಫ್ಲಾಟ್ ಐದು ಅಂದರೆ, ಪೂರ್ತಿ ಐದು ಲಕ್ಷಕ್ಕೆ ಪ್ರತಿವರ್ಷ 25,000 ಬಡ್ಡಿ. ಅಸಲು ಮುಕ್ಕಾಲು ಪಾಲು ತೀರಿಸಿದ ಮೇಲೂ ಒಂದು ಪೈಸೆ ತೀರಿಸದವನಿಗೆ ಹಾಕುವ ಬಡ್ಡಿಯೇ. ಐದು ವರ್ಷಕ್ಕೆ 1,25,000, ಕಂತು 10,417. ಬ್ಯಾಂಕಿನ ಒಂಬತ್ತರಲ್ಲಿ ಹಾಗಲ್ಲ, ಬಾಕಿ ಕರಗಿದಂತೆ ಬಡ್ಡಿಯೂ ಕರಗುತ್ತದೆ. ಮೊದಲ ಕಂತಿನಲ್ಲಿ ಬಡ್ಡಿ 3,750 ರೂಪಾಯಿ, ಕೊನೆಯ ಕಂತಿನಲ್ಲಿ ಬರೀ 77. ಅಂತೂ ಸಾಲದ ಪೇಟೆಯಲ್ಲಿ ಐದು ಒಂಬತ್ತಕ್ಕಿಂತ ದೊಡ್ಡದು. ಮಗಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಿಸ್ಸು ಮಾರ್ಕ್ಸ್ ಕತ್ತರಿಸುತ್ತಾರೆ.

ಮಾವನಂಥವರು ಮನೆಯಲ್ಲಿಲ್ಲದವರಿಗೆ ರಿಸರ್ವ್ ಬ್ಯಾಂಕ್ ಒಂದು ಉಪಕಾರ ಮಾಡಿದೆ. 2024ರ ಅಕ್ಟೋಬರ್ 1ರಿಂದ ಸಾಲ ಕೊಡುವವರು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಕೊಡಲೇಬೇಕು. ಪ್ರೊಸೆಸಿಂಗ್ ಫೀ, ಅವರ ಮೂಲಕ ಕಟ್ಟಿಸಿಕೊಳ್ಳುವ ಇನ್ಶೂರೆನ್ಸು ಎಲ್ಲವನ್ನೂ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆಂದು ಅದರಲ್ಲಿ ‘ಎಪಿಆರ್’ ಎಂಬ ಹೆಸರಿನಲ್ಲಿ ಬರೆದಿರುತ್ತದೆ. ಎರಡು ಕಡೆಯ ಎಪಿಆರ್ ಪಕ್ಕಪಕ್ಕ ಇಟ್ಟರೆ ಸಾಕು, ಫ್ಲಾಟಿನ ಆಟ ನಡೆಯುವುದಿಲ್ಲ. ಆ ಹಾಳೆ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದೂ ನಿಯಮವಿದೆ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಅವಧಿಗೆ ಮೊದಲೇ ತೀರಿಸಿದರೆ ದಂಡವಿದೆಯೇ ಎಂಬುದನ್ನೂ ಅದರಲ್ಲೇ ಹುಡುಕಿ. ಬಡ್ಡಿ ಫಿಕ್ಸೆಡ್ ಆಗಿರುವ ಸಾಲಗಳಲ್ಲಿ ಅದು ಇರುವುದುಂಟು.

ಎಫ್‌ಡಿ ಮುರಿದೆ. ಮಾವ ಒಂದು ವಾರ ನನ್ನ ಜೊತೆ ಕ್ರಿಕೆಟ್ ನೋಡಲಿಲ್ಲ. ಸಂಬಳ ಬರುವ ಬ್ಯಾಂಕಿನಲ್ಲೇ ಐದು ವರ್ಷಕ್ಕೆ ಸಾಲವಾಯಿತು, ಕಾರೂ ಬಂತು, ಗೇಟಿಗೆ ತಾಗಲಿಲ್ಲ. ಆರ್‌ಸಿಯಲ್ಲಿ ನನ್ನ ಹೆಸರಿನ ಜೊತೆ ಬ್ಯಾಂಕಿನ ಹೆಸರೂ ಇದೆ, ಅಡಮಾನದ ಗುರುತಿಗೆ. ಕೊನೆಯ ಕಂತು ಕಟ್ಟಿದೊಡನೆ ಅದು ತಾನಾಗಿ ಹೋಗುತ್ತದೆಂದು ನಂಬಿ ಕೂರುವವರು ಬಹಳ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಟಿಒದಲ್ಲಿ ಹೆಸರು ತೆಗೆಸಬೇಕು, ಇನ್ಶೂರೆನ್ಸ್ ಪಾಲಿಸಿಯಲ್ಲೂ ತೆಗೆಸಬೇಕು. ಕಾರು ಮಾರುವ ದಿನ ಬ್ಯಾಂಕಿಗೂ ಆರ್‌ಟಿಒಗೂ ಅಲೆಯುವ ಬದಲು, ಸಾಲ ತೀರಿದ ವಾರವೇ ಆ ಕೆಲಸ ಮುಗಿಸಿಕೊಳ್ಳಿ.