ಬೀದಿ ಬೆಂಚಿಗೆ ಟೈಲ್ಸ್ ಅಂಟಿಸಿ ಜನರನ್ನು ಎಬ್ಬಿಸುವ ಕ್ರಮ

ಮೊದಲು, ಗಟ್ಟಿಮುಟ್ಟಾಗಿರುವ ಕಲ್ಲುಬೆಂಚೊಂದನ್ನು ಹುಡುಕಿ. ಮುರಿದದ್ದನ್ನು ಮುಟ್ಟಲೇಬೇಡಿ. ಅದನ್ನು ಸರಿ ಮಾಡಿದರೆ ರಿಪೇರಿ ಅನ್ನುತ್ತಾರೆ. ರಿಪೇರಿಗೆ ಯಾರೂ ಬಂದು ಟೇಪು ಕತ್ತರಿಸುವುದಿಲ್ಲ.

ಸಭೆಯಲ್ಲಿ ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನ ಫೋಟೊ ತೋರಿಸಿ. 1900ರಿಂದ 1914ರವರೆಗೆ ನಡೆದ ಕೆಲಸ, ವಾಸ್ತುಶಿಲ್ಪಿ ಗೌಡಿಯ ಹಾವಿನಾಕಾರದ ಬೆಂಚು ಎಂದು ಹೇಳಿ, ಅಲ್ಲಿಗೇ ನಿಲ್ಲಿಸಿ. ಬಣ್ಣದ ಚೂರುಗಳನ್ನು ಹೊಂದಿಸಿದ್ದರಲ್ಲಿ ಗೌಡಿಯ ಜೊತೆಗಾರ ಜುಜೋಲ್‌ನ ಕೈ ಇತ್ತು, ಬೆನ್ನಿಗೆ ಒಗ್ಗುವಂತೆ ಒರಗು ಬಾಗಿಸಿದ್ದರು, ಅಂಗಳದ ಮಳೆನೀರು ಕೆಳಗಿನ ಕಂಬಗಳೊಳಗಿಂದ ತೊಟ್ಟಿಗೆ ಇಳಿಯುತ್ತಿತ್ತು ಎಂಬುದನ್ನೆಲ್ಲ ಬಾಯಿಬಿಡಬೇಡಿ. ಇಳಿಜಾರು ಕೊಡಿ ಎಂದು ಯಾರಾದರೂ ಕೇಳಿಯಾರು.

ಟೈಲ್ಸ್ ಹೊಸದನ್ನೇ ಕೊಳ್ಳಿ. ಗೌಡಿಯ ಕಡೆಯವರು ಕಾರ್ಖಾನೆ ಎಸೆದ ಚೂರುಗಳನ್ನು ಬಳಸಿದರು. ಎಸೆದದ್ದಕ್ಕೆ ಬಿಲ್ಲೆಲ್ಲಿ ಸಿಗುತ್ತದೆ? ಇಡೀ ಟೈಲ್ಸನ್ನು ಗೋಣಿಚೀಲದಲ್ಲಿ ಸುತ್ತಿ, ಸುತ್ತಿಗೆಯಿಂದ ಹೊಡೆಯಿರಿ. ಅಂಚು ಉಜ್ಜಬೇಡಿ. ಸೀರೆಯ ಸೆರಗು, ಪಂಚೆಯ ತುದಿ ಸಿಕ್ಕಿ ಹರಿಯುವಷ್ಟು ಚೂಪಿರಲಿ.

ಬಣ್ಣ ಕಪ್ಪೇ ಆಗಲಿ. ಅಹಮದಾಬಾದಿನ ‘ಸಂಗಾತ್’ ಕಚೇರಿಯ ಕಮಾನು ಮಾಡಿಗೆ ವಾಸ್ತುಶಿಲ್ಪಿ ಬಿ.ವಿ. ದೋಶಿ ಬಿಳಿ ಚೂರುಗಳನ್ನು ಹಾಕಿಸಿದ್ದು ಬಿಸಿಲನ್ನು ಹಿಂದಕ್ಕೆ ಕಳಿಸಲು. ನಿಮಗೆ ಕಳಿಸಬೇಕಾದ್ದು ಕೂರಲು ಬಂದವರನ್ನು. ಏಪ್ರಿಲ್ ಮಧ್ಯಾಹ್ನ ಆ ಕೆಲಸವನ್ನು ಕಪ್ಪು ಬಣ್ಣವೇ ನೋಡಿಕೊಳ್ಳುತ್ತದೆ. ಮೇಲೆ ಹೊಳಪು ಇರಲಿ, ಜೂನ್ ತಿಂಗಳ ಜಾರಿಕೆಗೂ ಅನುಕೂಲ.

ಹಳೇ ಕಲ್ಲನ್ನು ಉಳಿಯಿಂದ ಕೆತ್ತಿ ಒರಟು ಮಾಡುವ ಗೋಜಿಗೆ ಹೋಗಬೇಡಿ. ನುಣುಪಿನ ಮೇಲೇ ತೆಳ್ಳಗೆ ಸಿಮೆಂಟು ಬಳಿದು ಅಂಟಿಸಿ. ಗೆಣ್ಣಿನಿಂದ ತಟ್ಟಿ ನೋಡಿ: ‘ಟಕ್’ ಅಂದರೆ ಗಟ್ಟಿಯಾಗಿ ಕೂತಿದೆ, ಕಿತ್ತು ಮತ್ತೆ ಅಂಟಿಸಿ, ‘ಡಬ್’ ಅಂದರೆ ಒಳಗೆ ಪೊಳ್ಳು, ಮುಂದಿನದಕ್ಕೆ ಹೋಗಿ. ನೀರುಣಿಸುವುದು ಬೇಡ, ಉದ್ಘಾಟನೆ ನಾಳೆಯೇ ಇದೆ.

ಚಿತ್ರ ಯಾವುದು ಎಂಬುದು ಸೂಕ್ಷ್ಮ ವಿಚಾರ. ಗೋಡೆಗೆ ದೇವರ ಟೈಲ್ಸ್ ಅಂಟಿಸಿ ಉಚ್ಚೆ ಹೊಯ್ಯುವವರನ್ನು ತಡೆದ ಅನುಭವ ನಮ್ಮ ಊರುಗಳಿಗಿದೆ. ಅದನ್ನೇ ಬೆಳೆಸಿ. ಕೂರುವ ಜಾಗದಲ್ಲೇ ಕನ್ನಡದ ಎಂಟೂ ಜ್ಞಾನಪೀಠಿಗಳ ಮುಖ ಬರೆಸಿ. ಕಾರಂತರ ಮೂಗಿನ ಮೇಲೆ ಕೂರುವ ಧೈರ್ಯ ಯಾರಿಗಿದೆ? ಒರಗುವ ಕಡೆ ದಾನಿಗಳ ಹೆಸರು, ಕವಿಗಳಿಗಿಂತ ಎರಡಂಗುಲ ದೊಡ್ಡದಾಗಿ.

ಮಂಡಿ ಹಿಡಿದುಕೊಂಡು ಬರುವ ಅಜ್ಜ ‘ಎಲ್ಲಿ ಕೂತ್ಕೊಳ್ಳೋದಪ್ಪಾ?’ ಎಂದು ಕೇಳಿದರೆ, ‘ತಾತಾ, ಇದು ಕೂರೋಕಲ್ಲ, ನೋಡೋಕೆ’ ಎಂದು ಮರ್ಯಾದೆಯಿಂದಲೇ ತಿಳಿಸಿ. ಕ್ಯಾಮೆರಾಕ್ಕೆ ಅಡ್ಡ ಬಾರದಂತೆ ಕೈಹಿಡಿದು ಆಚೆ ನಿಲ್ಲಿಸಿ.

ಎರಡು ಮಳೆಗಾಲಕ್ಕೆ ಟೈಲ್ಸ್ ಉದುರಿ, ಹಳೇ ಕಲ್ಲು ಮತ್ತೆ ಕಾಣಿಸುತ್ತದೆ. ಜನ ಬಂದು ಕೂರುತ್ತಾರೆ. ಗಾಬರಿಯಾಗಬೇಡಿ. ‘ಬೆಂಚನ್ನು ಮೂಲರೂಪಕ್ಕೆ ತಂದ ಕಾಮಗಾರಿ’ ಎಂದು ಬರೆದು ಎರಡನೇ ಬಿಲ್ಲು ಹಾಕಿ.